ಕಾರ್ಡಿನ ಹಿಂಬದಿ

ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಿಂದ ಮೇಲ್ ಬಂತು. ಅವನು ತೀರಿಕೊಂಡ, ಅವನ ನೆನಪಿಗೆ ಒಂದು ಪುಸ್ತಿಕೆ ತರುತ್ತಿದ್ದೇವೆ, ಜೊತೆಗೆ ಕೆಲಸ ಮಾಡಿದವರು ತಲಾ ಒಂದು ಪುಟ ಬೆಚ್ಚಗಿನ ನೆನಪು ಬರೆದು ಕಳಿಸಿ ಅಂತ. ಬೆಚ್ಚಗಿನ ನೆನಪಂತೆ! ಎರಡು ದಿನ ಹುಡುಕಿದೆ. ಸಾರಿಗೆ ಒಗ್ಗರಣೆ ಹಾಕುವಾಗ ಹುಡುಕಿದೆ, ಟ್ರಾಮಿನಲ್ಲಿ ಕೂತು ಹುಡುಕಿದೆ. ಒಂದೂ ಸಿಗಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಅವ್ವನಿಗೆ ಇವನ ಪರಿಚಯ ಇರಲಿಲ್ಲ.

‘ಅವನು’ ಎಂದು ಬರೆಯುತ್ತಿರುವುದಕ್ಕೆ ಯಾರೂ ಬೇಸರ ಮಾಡಿಕೊಳ್ಳಬೇಡಿ. ಮೊದಲ ದಿನ ನಾನು ಸರ್ ಎಂದಾಗ ತಡೆದವನು ಅವನೇ. ಸ್ವೀಡನ್ನಿನಲ್ಲಿ ಸರ್ರೂ ಇಲ್ಲ, ಸಾಹೇಬರೂ ಇಲ್ಲ, ಎಲ್ಲರೂ ಸಮ, ಹೆಸರು ಹಿಡಿದು ಕರಿ ಎಂದ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿ, ಎರಡು ವರ್ಷ ಪಿ.ಯು. ಹುಡುಗಿಯರಿಗೆ ಪಾಠ ಹೇಳಿ ಬಂದವಳು ನಾನು. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಲು ಮೂರು ತಿಂಗಳು ನಾಲಿಗೆಯೇ ಹೊರಳಲಿಲ್ಲ. ಹೊರಳುವ ಹೊತ್ತಿಗೆ ಗೊತ್ತಾಯಿತು, ಈ ಸಮಾನತೆಯೆಲ್ಲ ಹೆಸರಿನ ತನಕ ಮಾತ್ರ ಎಂದು. ವಿಭಾಗದ ಅಡುಗೆಕೋಣೆಯ ಸಿಂಕಿನ ಮೇಲೆ ‘ನಿನ್ನ ಅಮ್ಮ ಇಲ್ಲಿ ಕೆಲಸಕ್ಕಿಲ್ಲ, ನಿನ್ನ ಕಪ್ಪು ನೀನೇ ತೊಳಿ’ ಎಂದು ಬರೆದು ಅಂಟಿಸಿದ್ದರು. ಮುಖ್ಯಸ್ಥೆಯೂ ತೊಳೆಯುತ್ತಿದ್ದಳು, ನೆಲ ಒರೆಸಲು ಬರುವವನೂ ತೊಳೆಯುತ್ತಿದ್ದ. ಇವನೊಬ್ಬ ಮೂರು ಗಂಟೆಗೆ ಫೀಕಾ ಎನ್ನುವ ಕಾಫಿ ಬಿಡುವು ಮುಗಿಸಿ, ಬನ್ನಿನ ಸಕ್ಕರೆಯನ್ನು ಕೋಟಿನಿಂದ ಕೊಡವಿಕೊಂಡು, ಕಪ್ಪನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋಗುತ್ತಿದ್ದ. ಅದನ್ನು ತೊಳೆಯುತ್ತಿದ್ದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಎರಡು ಸಾವಿರದ ಮೊದಮೊದಲ ವರ್ಷಗಳು ಅವು. ನನ್ನ ಗಂಡನಿಗೆ ಲಿಂಡ್‌ಹೋಲ್ಮೆನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ದಿನಾ ಬೆಳಿಗ್ಗೆ ಫೆರ್ರಿ ಹತ್ತಿ ಹೊಳೆ ದಾಟುತ್ತಿದ್ದ. ಮಗಳನ್ನು ದಾಗಿಸ್ ಎನ್ನುವ ಶಿಶುವಿಹಾರಕ್ಕೆ ಬಿಟ್ಟು ಬಂದರೆ ನನಗೆ ಸಂಜೆಯ ತನಕ ಕಿಟಕಿಯೇ ಗತಿ. ಸ್ವೀಡಿಷ್ ಕ್ಲಾಸಿನಲ್ಲಿ ಯಾರೋ ಹೇಳಿದರು, ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರೊಫೆಸರ್ ಇಂಗ್ಲಿಷ್ ಚೆನ್ನಾಗಿ ಬಲ್ಲ ಸಹಾಯಕರನ್ನು ಹುಡುಕುತ್ತಿದ್ದಾನೆ, ಆದರೆ ಅವನ ಹತ್ತಿರ ಯಾರೂ ನಿಲ್ಲುವುದಿಲ್ಲ ಎಂದು. ನಿಲ್ಲುತ್ತೇನೆ ಎಂದು ಹೋದೆ. ಅವನು ನನ್ನ ಅಂಕಪಟ್ಟಿಯತ್ತ ಕಣ್ಣು ಹಾಯಿಸಲಿಲ್ಲ. ದೇವರನ್ನು ನಂಬುತ್ತೀಯಾ ಎಂದು ಕೇಳಿದ. ಹಬ್ಬದ ದಿನ ನಂಬುತ್ತೇನೆ ಎಂದೆ. ನಗಲಿಲ್ಲ. ಸೋಮವಾರದಿಂದ ಬಾ ಎಂದ.

ಎತ್ತರದ ಆಳು. ಒಂದು ಭುಜ ಇನ್ನೊಂದಕ್ಕಿಂತ ಕೆಳಗೆ. ಸಿಟ್ಟು ಬಂದರೆ ಮುಖ ಹಾಗೇ ಇರುತ್ತಿತ್ತು, ಕಿವಿ ಮಾತ್ರ ಕೆಂಪಾಗುತ್ತಿತ್ತು. ಹಾಗಾಗಿ ನಾವೆಲ್ಲ ಅವನ ಜೊತೆ ಮಾತಾಡುವಾಗ ಕಣ್ಣು ಬಿಟ್ಟು ಕಿವಿ ನೋಡುವುದು ಕಲಿತಿದ್ದೆವು. ಹುಟ್ಟಿದ್ದು ಸ್ಮೋಲಾಂಡ್ ಸೀಮೆಯಲ್ಲಿ, ಅಪ್ಪ ಅಲ್ಲಿನ ಸ್ವತಂತ್ರ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದವನು. ಮಗ ಮಾತ್ರ ಶುದ್ಧ ನಾಸ್ತಿಕ. ಊಟಕ್ಕೆ ಮುಂಚೆ ಬೈಬಲಿನ ಒಂದು ವಾಕ್ಯ ತಪ್ಪಿಲ್ಲದೆ ಹೇಳಬೇಕಿತ್ತಂತೆ, ತಪ್ಪಿದರೆ ತಟ್ಟೆ ಎತ್ತಿಬಿಡುತ್ತಿದ್ದರಂತೆ. ಇದನ್ನು ಅವನು ಒಂದೇ ಒಂದು ಸಲ, ಅದೂ ಯಾರನ್ನೋ ಬೈಯುವ ಮಧ್ಯೆ, ಹೇಳಿದ್ದ. ಹಾಗಾದರೆ ಧರ್ಮದ ಇತಿಹಾಸವನ್ನೇ ಯಾಕೆ ಹಿಡಿದೆ, ಅದೂ ವೇಲ್ಸ್‌ನದು ಯಾಕೆ ಎಂದು ಕೇಳಿದೆ. ಪರರ ದೇವರನ್ನು ಓದುವುದು ಆರಾಮ, ಆ ದೇವರು ನನ್ನ ತಟ್ಟೆ ಎತ್ತುವುದಿಲ್ಲ ಎಂದ. ಅಪ್ಪನಿಂದ ತಪ್ಪಿಸಿಕೊಳ್ಳಲು ಸಮುದ್ರ ದಾಟಿ, ಒಂದು ಭಾಷೆಯನ್ನೇ ಕಲಿತು, ಕೊನೆಗೆ ತಾನೇ ಅಪ್ಪನಾಗಿ ಕೂತಿದ್ದ. ನಮ್ಮ ತಟ್ಟೆಗಳನ್ನು ಅವನು ಎತ್ತುತ್ತಿದ್ದ.

ವೇಲ್ಸ್ ಎಂದರೆ ಬ್ರಿಟನ್ನಿನ ಪಡುವಣ ಮಗ್ಗುಲು. ಗುಡ್ಡದ ಹಳ್ಳಿ ಹಳ್ಳಿಗೂ ಕಲ್ಲಿನ ಸಣ್ಣ ಸಣ್ಣ ಚಾಪೆಲ್‌ಗಳು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಯ ರೈತರು, ಕಲ್ಲುಗಣಿಯವರು ಪ್ರತಿ ಭಾನುವಾರ ಅಲ್ಲಿ ಕೂತು ಪ್ರವಚನ ಕೇಳುತ್ತಿದ್ದರು. ನಮ್ಮ ಕಡೆ ಪುರಾಣ ಹೇಳುವವರು ಒಂದು ಪದ್ಯ ಹಿಡಿದು ಎರಡು ತಾಸು ಎಳೆಯುವುದಿಲ್ಲವೇ, ಹಾಗೆ ಬೋಧಕ ಬೈಬಲಿನ ಒಂದು ವಾಕ್ಯ ಹಿಡಿದು ಬಿಡಿಸುತ್ತ ಹೋಗುತ್ತಿದ್ದ. ಕೇಳಿದವರು ಮನೆಗೆ ಬಂದು ಆ ದಿನದ ವಾಕ್ಯ ಯಾವುದು, ಬೋಧಕ ಯಾರು ಎಂದು ಬರೆದಿಡುತ್ತಿದ್ದರು. ಹಾಗೆ ಬರೆದಿಟ್ಟ ಒಬ್ಬ ರೈತನ ಹೆಂಡತಿಯ ದಿನಚರಿ ಇವನ ಕೈಗೆ ಸಿಕ್ಕಿತ್ತು. ಒಂಬತ್ತು ವರ್ಷದ ಭಾನುವಾರಗಳು, ವೆಲ್ಷ್ ಭಾಷೆಯಲ್ಲಿ; ಅವನೇ ಇಂಗ್ಲಿಷಿಗೆ ಇಳಿಸಿದ್ದ ಪ್ರತಿ ನನ್ನ ಕೈಗೆ ಬಂತು. ಅದರ ಮೇಲೆ ಪುಸ್ತಕ ಬರೆಯುವುದೇ ಅವನ ಬದುಕು.

ಅವನ ಕೆಲಸದ ಕ್ರಮವನ್ನು ಮಾತ್ರ ಬೈಯಲಾರೆ, ಅದನ್ನೇ ಇಂದಿಗೂ ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಒಂದು ಸಂಗತಿಗೆ ಒಂದು ಕಾರ್ಡು. ಮುಂಬದಿಯಲ್ಲಿ ಶಾಯಿಯಲ್ಲಿ, ದಾಖಲೆ ಹೇಳಿದ್ದು ಎಷ್ಟೋ ಅಷ್ಟೇ. ಬಲಗಡೆ ಮೇಲೆ, ಅದು ಎಲ್ಲಿ ಸಿಕ್ಕಿತು ಎಂಬುದು. ನಿನಗೆ ಏನನ್ನಿಸಿತು ಎನ್ನುವುದು ಹಿಂಬದಿಗೆ, ಅದೂ ಪೆನ್ಸಿಲ್ಲಿನಲ್ಲಿ. ಮುಂಬದಿ ಸತ್ತವರದು, ಅಲ್ಲಿ ನಿನ್ನ ಮೂಗು ತೂರಿಸಬೇಡ ಎನ್ನುತ್ತಿದ್ದ. ಬರೆದ ಕಾರ್ಡು ಆ ದಿನವೇ ಮರದ ಪೆಟ್ಟಿಗೆಗೆ ಹೋಗಬೇಕು. ಒಮ್ಮೆ ನಾನು ಒಂದು ಕಾರ್ಡನ್ನು ಮರೆತು ಬ್ಯಾಗಿನಲ್ಲಿ ಮನೆಗೆ ಒಯ್ದಿದ್ದೆ. ಮರುದಿನ ಎಲ್ಲರೆದುರು, ಕಾರ್ಡನ್ನು ಮನೆಗೆ ಒಯ್ಯುವವರು ಕಳ್ಳರು ಎಂದ. ಕಿವಿ ಕೆಂಪಗಿತ್ತು. ನಾನು ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಒಂದು ಬೇಸಿಗೆಯಲ್ಲಿ ವೇಲ್ಸ್‌ಗೂ ಕರೆದುಕೊಂಡು ಹೋದ. ಮಗಳನ್ನು ಒಂದು ವಾರ ಗಂಡ ನೋಡಿಕೊಂಡ. ಅಲ್ಲಿ ಅವನು ಪ್ರತಿ ವರ್ಷ ಇಳಿದುಕೊಳ್ಳುವ ಮನೆಯ ಒಡತಿ ವೆಲ್ಷ್ ಭಾಷೆಯಲ್ಲಿ ಬೆಳಗಿನ ತಿಂಡಿ ಏನು ಬೇಕು ಎಂದು ಕೇಳಿದರೆ, ಅವಳ ಮಾತಿನಲ್ಲಿದ್ದ ಇಂಗ್ಲಿಷ್ ಪದ ತೆಗೆದು ಶುದ್ಧ ಪದ ಹಾಕಿ ತಿದ್ದುತ್ತಿದ್ದ. ಹುಟ್ಟಿದಂದಿನಿಂದ ಆ ಭಾಷೆಯಲ್ಲೇ ಬೈದು ಬಾಳಿದ ಹೆಂಗಸು ಪಾಪ, ತಲೆಯಾಡಿಸಿ ಮೊಟ್ಟೆ ತರುತ್ತಿದ್ದಳು. ದಿನಚರಿಯ ಹೆಂಗಸು ಹೋಗುತ್ತಿದ್ದ ಚಾಪೆಲ್ ಈಗ ಹಳೇ ಪೀಠೋಪಕರಣದ ಅಂಗಡಿ. ಅಲ್ಲಿ ಹಿರಿಯರು ಕೂರುತ್ತಿದ್ದ ಪೀಠದ ಮೇಲೆ ಹಾಸಿಗೆ ಒಟ್ಟಿದ್ದರು ಎಂದು ಅಂಗಡಿಯವನಿಗೆ ಛೀಮಾರಿ ಹಾಕಿ, ಹಾಸಿಗೆ ಸರಿಸಿ, ತಾನೇ ಹೋಗಿ ಅಲ್ಲಿ ಕೂತ. ದೇವರನ್ನು ನಂಬದಿದ್ದರೇನಂತೆ, ಪೀಠ ಬೇಕು.

ಆ ಊರಿನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬಳು ಆ ದಿನ ನಮ್ಮನ್ನು ನೋಡಲು ಬಂದಿದ್ದಳು. ಎಂಬತ್ತರ ಆಸುಪಾಸು. ನಮ್ಮಜ್ಜಿಯ ಕಾಲದಲ್ಲಿ ಈ ಚಾಪೆಲ್ ಹೇಗೆ ನಡೆಯುತ್ತಿತ್ತೆಂದರೆ ಎಂದು ಶುರು ಮಾಡಿದಳು. ಅವನು ಮುಂದಕ್ಕೆ ಬಿಡಲಿಲ್ಲ.

“ನೀವು ಇಲ್ಲಿ ಬದುಕಿದ್ದೀರಿ, ಅಷ್ಟೇ,” ಎಂದ. “ನಾನು ಓದಿದ್ದೇನೆ.”

ಆಕೆ ಕೈಚೀಲವನ್ನು ಮಡಿಲಲ್ಲಿ ಸರಿ ಮಾಡಿಕೊಂಡಳು. ನಾನು ಏನು ಮಾಡಿದೆ? ನಕ್ಕೆ. ಕೆಲಸ ಕೊಟ್ಟವನ ಮಾತಿಗೆ ನಗುವ ನಗು ಇರುತ್ತದಲ್ಲ, ಅದು. ಆಕೆ ನನ್ನ ಕಡೆ ನೋಡಿದ್ದು ನೆನಪಿದೆ.

ಈಗ ವಿಷಯಕ್ಕೆ ಬರುತ್ತೇನೆ. ದಿನಚರಿಯಲ್ಲಿ ಒಂದು ಗಂಟಿತ್ತು. ಎಲ್ಲ ಭಾನುವಾರಗಳಿಗೂ ವಾಕ್ಯ, ಬೋಧಕನ ಹೆಸರು ಇದ್ದರೆ, ನಾಲ್ಕಕ್ಕೊಂದು ಭಾನುವಾರ ಮಾತ್ರ ಬರೀ ಹವೆ. ಮಂಜು. ಗಾಳಿ. ಕುರಿ ಒಳಗೆ ಹಾಕಿದೆವು. ಅಷ್ಟೇ, ಚಾಪೆಲ್ಲಿನ ಸುದ್ದಿಯೇ ಇಲ್ಲ. ಅವನು ಈ ಖಾಲಿ ಭಾನುವಾರಗಳ ಮುಂದೆ ಹನ್ನೊಂದು ವರ್ಷ ತಲೆ ಚಚ್ಚಿಕೊಂಡಿದ್ದ. ಒಂದು ಮಧ್ಯಾಹ್ನ ನಾನು ತಾರೀಖು ಜೋಡಿಸುತ್ತ ಕೂತವಳಿಗೆ ಮೈ ಜುಮ್ಮೆಂದಿತು. ನಾಲ್ಕು ವಾರಕ್ಕೊಮ್ಮೆ! ಇಷ್ಟು ಗೊತ್ತಾಗಲು ಹನ್ನೊಂದು ವರ್ಷ ಬೇಕೇ? ನಮ್ಮಜ್ಜಿ ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಲ್ಲಿ ಕೂರುತ್ತಿದ್ದಳಂತೆ. ನಮ್ಮವ್ವ ದೇವರ ಕೋಣೆಗೆ ಹೋಗುತ್ತಿರಲಿಲ್ಲ, ಕೇಳಿದರೆ ಕಾಗೆ ಮುಟ್ಟಿದೆ ಎನ್ನುತ್ತಿದ್ದಳು. ಈ ಹೆಂಗಸೂ ಹೊರಗಾದಾಗ ಚಾಪೆಲ್ಲಿಗೆ ಹೋಗುತ್ತಿರಲಿಲ್ಲ, ಮತ್ತೇನು! ಕಾರ್ಡಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಪೆಟ್ಟಿಗೆಗೆ ಹಾಕಿದೆ. ಮನೆಗೆ ಹೋಗುವಾಗ ಟ್ರಾಮಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಯಾಕೆ ಅಷ್ಟು ಸಂಭ್ರಮ ಎಂದರೆ, ಪಿಎಚ್‌ಡಿ. ಇಲ್ಲಿ ಅದು ಉದ್ಯೋಗವಿದ್ದ ಹಾಗೆ, ವಿಭಾಗದಲ್ಲಿ ಜಾಗ ಖಾಲಿಯಾದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಅರ್ಜಿಯ ಜೊತೆ ಸ್ವಂತದ್ದೊಂದು ಹೊಳಹು ಇರಬೇಕು. ನಿನ್ನದೇ ಅನ್ನುವುದು ಒಂದು ತಾ, ನಿನ್ನ ಪರವಾಗಿ ನಾನು ನಿಲ್ಲುತ್ತೇನೆ ಎಂದು ಅವನೇ ಹೇಳಿದ್ದ. ಈಗ ನನ್ನದೇ ಅನ್ನುವುದು ಸಿಕ್ಕಿತ್ತು. ಅರ್ಜಿ ಅರ್ಧ ಬರೆದಿಟ್ಟೆ.

ಮುಂದಿನ ತಿಂಗಳು ವಿಭಾಗದಲ್ಲಿ ಅವನ ಉಪನ್ಯಾಸ. ಮೂರನೇ ಸಾಲಿನಲ್ಲಿ ಕೂತಿದ್ದೆ. ಖಾಲಿ ಭಾನುವಾರಗಳ ರಹಸ್ಯ ಕೊನೆಗೂ ತನಗೆ ಹೊಳೆಯಿತು ಎಂದು ಶುರು ಮಾಡಿದ. ಚಾಪೆಲ್ಲಿನ ಧರ್ಮದ ಅಡಿಯಲ್ಲಿ ಅದಕ್ಕಿಂತ ಹಳೆಯ ಮೈಲಿಗೆಯ ನಂಬಿಕೆ ಬದುಕಿತ್ತು, ಹೆಂಗಸಿನ ಮೈ ತಾನೇ ಒಂದು ಪಂಚಾಂಗವಾಗಿತ್ತು ಎಂದೆಲ್ಲ ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೊಬ್ಬಳು ಕೂತೇ ಇದ್ದೆ.

ಮರುದಿನ ಅವನ ಕೋಣೆಗೆ ಹೋಗಿ, ಅದು ನನ್ನದು ಎಂದೆ.

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಕಿವಿ ಕೆಂಪಾಗಿರಲಿಲ್ಲ, ಅದೇ ನನಗೆ ಹೆಚ್ಚು ಉರಿದದ್ದು. “ಎಲ್ಲಿ ಬರೆದಿದ್ದೆ?”

“ಕಾರ್ಡಿನ ಹಿಂದೆ.”

“ಪೆನ್ಸಿಲ್ಲಿನಲ್ಲಿ,” ಎಂದ. “ಪೆನ್ಸಿಲ್ ಯಾರದೂ ಅಲ್ಲ.”

ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎನ್ನುತ್ತಾರೆ. ಇವನು ತಿನ್ನುವುದಕ್ಕೂ ಶಾಸ್ತ್ರ ಇಟ್ಟುಕೊಂಡಿದ್ದ! ಆ ವರ್ಷದ ಪಿಎಚ್‌ಡಿ ಜಾಗ ಬೇರೆಯವರಿಗೆ ಹೋಯಿತು. ನನ್ನ ಅರ್ಜಿಯಲ್ಲಿ ಹೊಸತೇನೂ ಇಲ್ಲ ಎಂದು ಬರೆದಿದ್ದರು, ಇರಲು ಹೇಗೆ ಸಾಧ್ಯ. ಮನೆಯಲ್ಲಿ ಗಂಡ ಸಮಾಧಾನ ಮಾಡಲು ಬಂದ. ಬೆಂಗಳೂರಿನವನು, ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವವನಲ್ಲ.

“ಹೋಗ್ಲಿ ಬಿಡೇ, ಇನ್ನೊಂದು ಐಡಿಯಾ ಬರತ್ತೆ.”

“ಐಡಿಯಾ ಅಂದ್ರ ಸಿಟಿ ಬಸ್ಸೇನು, ಒಂದು ಹೋದ್ರ ಹಿಂದ ಇನ್ನೊಂದು ಬರಾಕ?” ಎಂದೆ. ಬೇರೆಯವರ ಮಧ್ಯೆ ಅಡಗಿಸಿಟ್ಟುಕೊಳ್ಳುವ ನನ್ನ ಧಾರವಾಡದ ಮಾತು ಸಿಟ್ಟು ಬಂದಾಗ ಹೊರಗೆ ಬರುತ್ತದೆ.

ಕೆಲಸ ಬಿಡಲಿಲ್ಲ. ಪುಸ್ತಕ ಅಚ್ಚಿಗೆ ಹೋಗುವುದಿತ್ತು, ಅದರ ಕೊನೆಯ ಪದಸೂಚಿ ಮಾಡುವ ಕೆಲಸ ನನ್ನದು. ಅದಕ್ಕೆಂದು ದಿನಚರಿಯನ್ನು ಮೊದಲಿನಿಂದ ಕೊನೆಗೆ ಇನ್ನೊಮ್ಮೆ ತಿರುವಿದೆ. ಕೊನೆಯ ಹಾಳೆಯಲ್ಲಿ ಆ ಹೆಂಗಸು ತನ್ನ ಮಕ್ಕಳು ಹುಟ್ಟಿದ ದಿನ ಬರೆದಿಟ್ಟಿದ್ದಳು. ನಾಲ್ಕು ಮಕ್ಕಳು. ಸುಮ್ಮನೆ, ಕೈ ತುರಿಸಿದ ಹಾಗೆ, ಪ್ರತಿ ಮಗುವಿನಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದೆ. ಬಸುರಿಯಾಗಿದ್ದ ತಿಂಗಳುಗಳಲ್ಲೂ ನಾಲ್ಕಕ್ಕೊಂದು ಭಾನುವಾರ ಖಾಲಿ. ನಾಲ್ಕೂ ಸಲ. ಮತ್ತೆ ಎಣಿಸಿದೆ. ಬಸುರಿ ಎಲ್ಲಾದರೂ ಹೊರಗಾಗುತ್ತಾಳೆಯೇ?

ನನ್ನ ಹೊಳಹು ಸುಳ್ಳಾಗಿತ್ತು. ಧಾರವಾಡದ ಹಿತ್ತಿಲನ್ನು ವೇಲ್ಸ್‌ನ ಗುಡ್ಡಕ್ಕೆ ಒಯ್ದು ಇಟ್ಟಿದ್ದೆ. ಇಂಥ ತಪ್ಪು ನಮ್ಮಂಥವರ ಮನೆಯಲ್ಲಿ ಬೆಳೆದವಳು ಮಾತ್ರ ಮಾಡಬಲ್ಲಳು. ಅವನು ಅದನ್ನು ಎಣಿಸದೆ ನುಂಗಿದ್ದ.

ಒಂದು ಕಾರ್ಡು ತೆಗೆದುಕೊಂಡೆ. ಮುಂಬದಿಯಲ್ಲಿ, ಶಾಯಿಯಲ್ಲಿ, ನಾಲ್ಕು ಮಕ್ಕಳ ಹುಟ್ಟಿದ ದಿನ, ಎದುರಿಗೆ ಖಾಲಿ ಭಾನುವಾರಗಳ ತಾರೀಖು. ಬಲಗಡೆ ಮೇಲೆ ದಿನಚರಿಯ ಹಾಳೆ. ಒಪ್ಪವಾದ ಕಾರ್ಡು, ಅವನು ಕಲಿಸಿದ ಹಾಗೇ. ಅದನ್ನು ಪೆಟ್ಟಿಗೆಗೆ ಹಾಕಲಿಲ್ಲ. ಬ್ಯಾಗಿಗೆ ಹಾಕಿಕೊಂಡೆ. ಅಚ್ಚಿಗೆ ಹೋಗಲು ಇನ್ನೂ ಐದು ವಾರ ಇತ್ತು. ಐದು ವಾರವೂ ಬಾಯಿಗೆ ಬೀಗ ಹಾಕಿಕೊಂಡೆ. ಪದಸೂಚಿಯಲ್ಲಿ ‘ಖಾಲಿ ಭಾನುವಾರ’ ಎಂದು ಬರೆದು ಎದುರಿಗೆ ಪುಟಸಂಖ್ಯೆಗಳನ್ನು ಒಂದೂ ಬಿಡದೆ ಹಾಕಿದೆ. ಬೀಳಲಿ, ಎತ್ತರದಿಂದ ಬೀಳಲಿ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಪುಸ್ತಕ ಬಂತು, ಎಲ್ಲ ಕಡೆ ಹೊಗಳಿದರು. ಒಂದು ವರ್ಷ ಮೆರೆದ. ಆಮೇಲೆ ವಿಭಾಗದಲ್ಲಿ ಅದರ ಮೇಲೆ ಒಂದು ಚರ್ಚೆ ಇಟ್ಟರು, ಹೊರಗಿನಿಂದ ಒಬ್ಬಳು ಇತಿಹಾಸಕಾರ್ತಿ ಬಂದಿದ್ದಳು. ಆಕೆ ಪುಸ್ತಕದ ಗುಣಗಳನ್ನೆಲ್ಲ ಹೇಳಿ ಮುಗಿಸಿ, ಚೀಲದಿಂದ ಒಂದು ಪತ್ರ ತೆಗೆದು ಓದಿದಳು. ಬರೆದವಳು ಅದೇ ನಿವೃತ್ತ ಶಿಕ್ಷಕಿ. ಆ ವರ್ಷಗಳಲ್ಲಿ ನಾಲ್ಕು ಹಳ್ಳಿಗಳ ಚಾಪೆಲ್ಲುಗಳು ಸೇರಿ ಮೂವರು ಬೋಧಕರನ್ನು ಹಂಚಿಕೊಂಡಿದ್ದವು. ಹಾಗಾಗಿ ಪ್ರತಿ ಹಳ್ಳಿಗೂ ಸರದಿಯ ಮೇಲೆ ನಾಲ್ಕಕ್ಕೊಂದು ಭಾನುವಾರ ಬೋಧಕರು ಬರುತ್ತಿರಲಿಲ್ಲ, ಊರವರೇ ಸೇರಿ ಪ್ರಾರ್ಥನೆ ಮಾಡಿ ಏಳುತ್ತಿದ್ದರು. ಬೋಧಕರಿಲ್ಲ ಎಂದ ಮೇಲೆ ಬರೆದುಕೊಳ್ಳಲು ವಾಕ್ಯವೂ ಇಲ್ಲ. ಯಾರು ಯಾವ ವಾರ ಎಲ್ಲಿಗೆ ಎಂಬ ಪಟ್ಟಿ ನನ್ನ ಅಜ್ಜಿಯ ಬೀರುವಿನಲ್ಲಿದೆ. ಇದನ್ನು ಆ ಪ್ರೊಫೆಸರಿಗೆ ಹಿಂದೆಯೇ ಹೇಳಲು ಹೋಗಿದ್ದೆ, ಅವರಿಗೆ ಪುರುಸೊತ್ತಿರಲಿಲ್ಲ. ಪತ್ರ ಅಲ್ಲಿಗೆ ಮುಗಿದಿತ್ತು.

ನನ್ನ ಕೈಯಲ್ಲಿ ಅರ್ಧ ತಿಂದ ದಾಲ್ಚಿನ್ನಿ ಬನ್ನು. ಎಷ್ಟು ದಿನ ಕಾದಿದ್ದೆ ಈ ಗಳಿಗೆಗೆ! ಬಂದಿದ್ದ ಇತಿಹಾಸಕಾರ್ತಿ ಕನಿಕರದಿಂದಲೇ ಕೇಳಿದಳು, ಈ ಮೈಲಿಗೆಯ ಊಹೆ ಎಲ್ಲಿಂದ ಬಂತು, ಮೊದಲು ಹೊಳೆದದ್ದು ಯಾರಿಗೆ ಎಂದು. ಈಗ ನನ್ನ ಹೆಸರು ಹೇಳುತ್ತಾನೆ. ಇಷ್ಟು ವರ್ಷ ಹೇಳದವನು ಈಗ ಬೆರಳು ತೋರಿಸಿ ಹೇಳುತ್ತಾನೆ, ಆ ಭಾರತದ ಹುಡುಗಿಯ ಊಹೆ ಅದು ಎಂದು. ಅವನ ಕಿವಿ ಕೆಂಪಾಗಿತ್ತು. ತಿರುಗಿ ನನ್ನನ್ನು ನೋಡಿದ.

“ನನಗೆ,” ಎಂದ. “ಪೂರ್ತಿ ನನ್ನದೇ.”

ನಾನು ಎದ್ದು ನಿಲ್ಲಬಹುದಿತ್ತು. ಅಲ್ಲ, ಅದು ನನ್ನದು ಎಂದು ಒಂದು ಕಾಲಕ್ಕೆ ಅವನ ಕೋಣೆಗೆ ನುಗ್ಗಿ ಹೇಳಿದವಳಲ್ಲವೇ. ಬನ್ನಿನ ಉಳಿದರ್ಧವನ್ನು ತಿಂದೆ.

ಚರ್ಚೆ ಮುಗಿದ ಮೇಲೆ ಅಡುಗೆಕೋಣೆಗೆ ಹೋದರೆ ಅವನು ಸಿಂಕಿನ ಮುಂದೆ ನಿಂತಿದ್ದ. ತನ್ನ ಕಪ್ಪನ್ನು ತಾನೇ ತೊಳೆಯುತ್ತಿದ್ದ, ಅಭ್ಯಾಸವಿಲ್ಲದ ಕೈ, ನೀರೆಲ್ಲ ತೋಳಿಗೆ.

“ನಿನ್ನ ಹೆಸರು ಹಾಕಿದ್ದರೆ ನೀನು ದಿನಚರಿಯ ಕೊನೆಯ ಹಾಳೆಯ ಮಕ್ಕಳನ್ನು ಎಣಿಸುತ್ತಿದ್ದೆ,” ಎಂದ, ತಿರುಗದೆ.

“ಎಣಿಸಿದ್ದೆ,” ಎಂದೆ.

“ಯಾವಾಗ?”

“ಅಚ್ಚಿಗೆ ಮೊದಲು.”

ನಲ್ಲಿ ಹರಿಯುತ್ತಲೇ ಇತ್ತು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ನಾನೂ ನಾಲ್ಕು ಆಡುತ್ತಿದ್ದೆ. ಅವನು ಕಪ್ಪನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, “ಕಾರ್ಡು ಎಲ್ಲಿದೆ?” ಎಂದು ಕೇಳಿದ.

“ಮನೆಯಲ್ಲಿ.”

“ಪೆಟ್ಟಿಗೆಗೆ ಹಾಕು,” ಎಂದು ಹೋದ.

ಹಾಕಲಿಲ್ಲ. ಅದೇ ತಿಂಗಳು ಕೆಲಸ ಬಿಟ್ಟೆ, ಈಗ ಇಲ್ಲಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಹೇಳುತ್ತೇನೆ. ಅವನು ನಿವೃತ್ತನಾದ, ಮತ್ತೆ ಏನೂ ಬರೆಯಲಿಲ್ಲ. ಅವನು ಆ ದಿನ ನನ್ನನ್ನು ಉಳಿಸಿದನೋ, ತಪ್ಪನ್ನು ಕೂಡ ಬೇರೆಯವರಿಗೆ ಬಿಟ್ಟುಕೊಡಲಾರದಷ್ಟು ಸೊಕ್ಕೋ, ಇವತ್ತಿಗೂ ಗೊತ್ತಿಲ್ಲ. ಗಂಡನನ್ನು ಕೇಳಿದರೆ ಎರಡೂ ಇರಬಹುದು ಬಿಡು ಎನ್ನುತ್ತಾನೆ. ನನಗೆ ಸೊಕ್ಕೇ ಅನ್ನಿಸುತ್ತದೆ. ಉಳಿಸಿದ್ದರೆ, ಕೇಳದೆ ಉಳಿಸಿದ್ದಕ್ಕೂ ಅವನ ಮೇಲೆ ಸಿಟ್ಟಿದೆ.

ಮೊನ್ನೆ ಪತ್ರಿಕೆಯಲ್ಲಿ ಬಂದ ಮರಣವಾರ್ತೆಯಲ್ಲಿ ಅವನ ಮೂವತ್ತು ವರ್ಷದ ಕೆಲಸಕ್ಕೆ ಮೂರು ಸಾಲು, ಆ ಒಂದು ತಪ್ಪಿಗೆ ಐದು ಸಾಲು. ಓದಿ ಹಾಲು ಕುಡಿದಷ್ಟು ಸಂತೋಷ ಆಗಬೇಕಿತ್ತು. ಆಗಲಿಲ್ಲ. ವಿಭಾಗಕ್ಕೆ ಫೋನ್ ಮಾಡಿ ಕೇಳಿದೆ, ಪೆಟ್ಟಿಗೆಗಳು ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ಸೇರಿವೆ ಎಂದರು. ಮಧ್ಯಾಹ್ನದ ಪಾಠಗಳನ್ನು ಸಹೋದ್ಯೋಗಿಗೆ ಒಪ್ಪಿಸಿ ಹೋದೆ.

ಖಾಲಿ ಭಾನುವಾರಗಳ ಕಾರ್ಡು ಹುಡುಕಲು ಐದು ನಿಮಿಷ ಬೇಕಾಗಲಿಲ್ಲ, ಜೋಡಿಸಿದವಳು ನಾನೇ ತಾನೆ. ತಿರುವಿ ನೋಡಿದೆ. ನನ್ನ ಪೆನ್ಸಿಲ್ ಬರಹವನ್ನು ರಬ್ಬರಿನಿಂದ ಉಜ್ಜಿ ತೆಗೆದಿದ್ದ. ಅದರ ಮೇಲೇ, ನನ್ನ ಅವೇ ಎರಡು ಸಾಲು, ಒಂದು ಪದವೂ ಆಚೀಚೆಯಾಗದೆ, ಅವನ ಅಕ್ಷರದಲ್ಲಿ, ಶಾಯಿಯಲ್ಲಿ. ಕಳ್ಳ ಎಂದೆ, ಜೋರಾಗಿಯೇ, ಕನ್ನಡದಲ್ಲಿ. ಆಚೆ ಮೇಜಿನವನು ತಲೆಯೆತ್ತಿ ನೋಡಿದ.

ಮನೆಯಿಂದ ತಂದಿದ್ದ ನನ್ನ ಕಾರ್ಡನ್ನು ಬ್ಯಾಗಿನಿಂದ ತೆಗೆದೆ, ಅದೇ ನಾಲ್ಕು ಮಕ್ಕಳದ್ದು. ಹಿಂಬದಿಗೆ ತಿರುವಿ, ಶಾಯಿಯಲ್ಲಿ ಬರೆದೆ: ಈ ಊಹೆ ನನ್ನದು. ಇದು ತಪ್ಪೆಂದು ಅಚ್ಚಿಗೆ ಐದು ವಾರ ಮೊದಲು ನನಗೆ ಗೊತ್ತಿತ್ತು, ಹೇಳಲಿಲ್ಲ. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಊರು, ಎಲ್ಲ ಪೂರ್ತಿ ಬರೆದೆ. ಅವನ ಕಾರ್ಡಿನ ಬೆನ್ನಿಗೆ ಅದನ್ನು ಸೇರಿಸಿ, ಪೆಟ್ಟಿಗೆಯ ಮುಚ್ಚಳ ಹಾಕಿ ಕೊಟ್ಟು ಬಂದೆ.